ಮೇಮೋಲ್ ರಾಕಿ: ಆಟಗಾರ್ತಿಯಿಂದ ಭಾರತ ಮಹಿಳಾ ಫುಟ್‌ಬಾಲ್ ತಂಡದ ಕೋಚ್ ಹುದ್ದೆಯವರೆಗೆ

ಮೇಮೋಲ್ ರಾಕಿ ಗೋವಾದ ಮಾಜಿ ಫುಟ್‌ಬಾಲ್ ಆಟಗಾರ್ತಿ. ಭಾರತ ತಂಡಕ್ಕೆ ಆಡಿ, ಮುಂದೆ ತರಬೇತಿಯ ದಾರಿ ಹಿಡಿದು, 2017ರ ಕೊನೆಯಲ್ಲಿ ಭಾರತದ ಹಿರಿಯ ಮಹಿಳಾ ತಂಡದ ಮುಖ್ಯ ಕೋಚ್ ಆದರು. ಈ ಹುದ್ದೆಯನ್ನು ಪೂರ್ಣಾವಧಿಗೆ ವಹಿಸಿಕೊಂಡ ಮೊದಲ ಮಹಿಳೆ ಅವರೇ. 2021ರ ಜುಲೈನಲ್ಲಿ ರಾಜೀನಾಮೆ ಕೊಡುವವರೆಗೂ ತಂಡ ಅವರ ಕೈಯಲ್ಲಿತ್ತು. ಭಾರತ ಒಲಿಂಪಿಕ್ ಅರ್ಹತಾ ಪಂದ್ಯಾವಳಿಯ ಎರಡನೇ ಸುತ್ತಿಗೆ ಮೊದಲ ಬಾರಿಗೆ ಕಾಲಿಟ್ಟದ್ದು ಈ ಅವಧಿಯಲ್ಲಿ. ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಮತ್ತು ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ ಎರಡನ್ನೂ ಗೆದ್ದದ್ದೂ ಇದೇ ಅವಧಿಯಲ್ಲಿ.

ಅವರ ವೃತ್ತಿಜೀವನ, ಅವರ ಹಿಂದಿನ ಇತಿಹಾಸ, ಅವರ ನಂತರ ಬಂದ ಕೋಚ್‌ಗಳು ಮತ್ತು ಈ ಕಥೆಯಲ್ಲಿ ಬೆಂಗಳೂರಿಗೆ ಇರುವ ಪಾತ್ರ ಈ ಲೇಖನದಲ್ಲಿವೆ. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಂಥ ಹೋಬಳಿಯಲ್ಲಿ ಚೆಂಡು ಒದೆಯುವ ಹುಡುಗಿಗೆ ಆಡುವ ವಯಸ್ಸು ಮುಗಿದ ಮೇಲೂ ಈ ಆಟದಲ್ಲಿ ಬದುಕು ಇದೆಯೇ ಎಂಬ ಪ್ರಶ್ನೆಗೂ ಇದರಲ್ಲೇ ಉತ್ತರ ಸಿಗುತ್ತದೆ.

ಹಿನ್ನೆಲೆ: 1975ರಿಂದ ಇತ್ತ

ಭಾರತದಲ್ಲಿ ಮಹಿಳಾ ಫುಟ್‌ಬಾಲ್‌ಗೆ ಸಂಘಟಿತ ರೂಪ ಬಂದದ್ದು 1975ರಲ್ಲಿ, ಭಾರತೀಯ ಮಹಿಳಾ ಫುಟ್‌ಬಾಲ್ ಫೆಡರೇಷನ್ ಸ್ಥಾಪನೆಯಾದಾಗ. ಮೊದಲ ರಾಷ್ಟ್ರೀಯ ಪಂದ್ಯಾವಳಿ ಲಖನೌದಲ್ಲಿ ನಡೆಯಿತು. ಈಸ್ಟ್ ಬೆಂಗಾಲ್ ಕ್ಲಬ್‌ನ ಮೊದಲ ಕೋಚ್ ಆಗಿದ್ದ ಸುಶೀಲ್ ಭಟ್ಟಾಚಾರ್ಯ ಮಹಿಳಾ ರಾಷ್ಟ್ರೀಯ ತಂಡಕ್ಕೂ ಮೊದಲ ಕೋಚ್ ಆದರು. ತಾವೂ ಆಟಗಾರರಾಗಿದ್ದ ಅವರು, ಹುಡುಗಿಯರಿಗೆ ಫುಟ್‌ಬಾಲ್ ಕಲಿಸುವುದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಕಾಲದಲ್ಲಿ ಈ ಕೆಲಸಕ್ಕೆ ಕೈಹಾಕಿದರು.

ಫಲ ಬೇಗನೆ ಸಿಕ್ಕಿತು. 1980ರಲ್ಲಿ ಕೋಯಿಕ್ಕೋಡಿನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ಗೆ ಆತಿಥೇಯ ಭಾರತ ಎರಡು ತಂಡಗಳನ್ನು ಇಳಿಸಿತು. ಅವುಗಳಲ್ಲೊಂದು ಫೈನಲ್ ತಲುಪಿ, ತೈವಾನ್ ಎದುರು 0–2ರಿಂದ ಸೋತು ಎರಡನೇ ಸ್ಥಾನ ಪಡೆಯಿತು. 1981ರಲ್ಲಿ ಮೂರನೇ ಸ್ಥಾನ, 1983ರಲ್ಲಿ ಮತ್ತೆ ಎರಡನೇ ಸ್ಥಾನ ಬಂತು. ಅದೇ 1983ರಲ್ಲಿ ಶಾಂತಿ ಮಲ್ಲಿಕ್ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿ ಎನಿಸಿದರು.

ಆ ಮೇಲೆ ಬಂದದ್ದು ಇಳಿಗಾಲ. ಮಹಿಳಾ ಫೆಡರೇಷನ್ 1990ರ ದಶಕದ ಆರಂಭದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಅಂದರೆ ಎಐಎಫ್‌ಎಫ್ ಜೊತೆ ಸೇರಿಕೊಂಡಿತು. ಪಂದ್ಯಗಳು ಮಾತ್ರ ಹೆಚ್ಚಲಿಲ್ಲ. ದೀರ್ಘ ಕಾಲ ಅಂತರರಾಷ್ಟ್ರೀಯ ಪಂದ್ಯವನ್ನೇ ಆಡದ ಕಾರಣ 2009ರಲ್ಲಿ ಭಾರತದ ಹೆಸರು ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಬಿದ್ದುಹೋಯಿತು. 2010ರಲ್ಲಿ ಆರಂಭವಾದ ಸ್ಯಾಫ್ ಮಹಿಳಾ ಚಾಂಪಿಯನ್‌ಷಿಪ್ ತಂಡಕ್ಕೆ ಮತ್ತೆ ಉಸಿರು ಕೊಟ್ಟಿತು. ಮೊದಲ ನಾಲ್ಕು ಸಲವೂ, 2010, 2012, 2014 ಮತ್ತು 2016ರಲ್ಲಿ, ಭಾರತವೇ ಗೆದ್ದಿತು. ಮೇಮೋಲ್ ಆಡಿದ್ದು ಆ ಇಳಿಗಾಲದ ತಲೆಮಾರಿನಲ್ಲಿ. ರಾಷ್ಟ್ರೀಯ ಲೀಗ್ ಆಗಿನ್ನೂ ಇರಲಿಲ್ಲ, ಆಟಗಾರ್ತಿಗೆ ಸಂಬಳ ಕೊಡುವ ಕ್ಲಬ್ ಎಂಬ ಕಲ್ಪನೆಯೂ ದೂರದ ಮಾತಾಗಿತ್ತು.

ಆಟ ಬಿಟ್ಟ ಮೇಲೆ: ಲೈಸೆನ್ಸ್‌ನ ಮೆಟ್ಟಿಲುಗಳು

ಚೆನ್ನಾಗಿ ಆಡಿದ ಮಾತ್ರಕ್ಕೆ ಯಾರೂ ಕೋಚ್ ಆಗುವುದಿಲ್ಲ. ಭಾರತದಲ್ಲಿ ಫುಟ್‌ಬಾಲ್ ಕಲಿಸುವವರು ಹಂತಹಂತವಾಗಿ ಲೈಸೆನ್ಸ್ ಪಡೆಯಬೇಕು. ಬುಡದಲ್ಲಿ ಎಐಎಫ್‌ಎಫ್‌ನ ಡಿ ಲೈಸೆನ್ಸ್ ಇದೆ. ರಾಜ್ಯ ಸಂಸ್ಥೆಗಳ ಮೂಲಕ ನಡೆಯುವ ಈ ಕಿರು ಕೋರ್ಸ್ ಶಾಲಾ ಮಕ್ಕಳಿಗೆ ಕಲಿಸುವವರಿಗೆಂದು ರೂಪಿಸಿದ್ದು. ಅದರ ಮೇಲಿನವು ಏಷ್ಯನ್ ಫುಟ್‌ಬಾಲ್ ಒಕ್ಕೂಟದ, ಅಂದರೆ ಎಎಫ್‌ಸಿಯ, ಸಿ, ಬಿ, ಎ ಲೈಸೆನ್ಸ್‌ಗಳು. ತುದಿಯಲ್ಲಿರುವುದು ಪ್ರೊ ಲೈಸೆನ್ಸ್. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರುವ ಮುನ್ನ ಮೈದಾನದಲ್ಲಿ ನಿಜವಾಗಿ ತಂಡವೊಂದಕ್ಕೆ ಕಲಿಸಿದ ಅನುಭವ ಇರಬೇಕು.

ಹೆಣ್ಣುಮಕ್ಕಳು ಹಿಂದೆ ಬೀಳುವುದು ಈ ಅನುಭವದ ಷರತ್ತಿನಲ್ಲಿಯೇ. ಡಿ ಲೈಸೆನ್ಸ್ ಪಡೆದವಳಿಗೆ ಕಲಿಸಲು ಒಂದು ತಂಡ ಬೇಕು. ಊರಿನಲ್ಲಿ ಹುಡುಗಿಯರ ತಂಡವಿಲ್ಲ, ಹುಡುಗರ ತಂಡದವರು ಹೆಣ್ಣನ್ನು ಕೋಚ್ ಎಂದು ಕರೆಯುವುದಿಲ್ಲ. ಕಲಿಸದೆ ಅನುಭವವಿಲ್ಲ, ಅನುಭವವಿಲ್ಲದೆ ಮುಂದಿನ ಕೋರ್ಸ್ ಇಲ್ಲ. ಕೋರ್ಸ್‌ನ ಶುಲ್ಕ, ದೂರದ ಊರಿನಲ್ಲಿ ದಿನಗಟ್ಟಲೆ ಉಳಿಯಬೇಕಾದ ಅಗತ್ಯ, ಮನೆಯ ಜವಾಬ್ದಾರಿ ಇವೆಲ್ಲ ಅದರ ಮೇಲೆ ಸೇರುತ್ತವೆ. ಮೇಮೋಲ್ ಈ ಮೆಟ್ಟಿಲುಗಳನ್ನು ಎ ಲೈಸೆನ್ಸ್‌ನವರೆಗೂ ಹತ್ತಿದವರು. ಅವರ ಸಾಧನೆಯ ಅರ್ಧ ಭಾಗ ಪಂದ್ಯಗಳ ಫಲಿತಾಂಶದಲ್ಲಿದ್ದರೆ ಉಳಿದರ್ಧ ಈ ಹತ್ತುವಿಕೆಯಲ್ಲಿದೆ.

ರಾಷ್ಟ್ರೀಯ ತಂಡದ ಹೊಣೆ, 2017–2021

*ಒಲಿಂಪಿಕ್ ಅರ್ಹತೆ.* ಮೇಮೋಲ್ ಅವರ ಮೊದಲ ದೊಡ್ಡ ಪರೀಕ್ಷೆ 2018ರ ನವೆಂಬರ್‌ನಲ್ಲಿ ಮ್ಯಾನ್ಮಾರ್‌ನಲ್ಲಿ ನಡೆಯಿತು. ಟೋಕಿಯೊ ಒಲಿಂಪಿಕ್ಸ್‌ಗೆ ಏಷ್ಯಾದ ಮೊದಲ ಅರ್ಹತಾ ಸುತ್ತು ಅದು. ಭಾರತ ನೇಪಾಳದ ಜೊತೆ 1–1ರಿಂದ ಸಮ ಮಾಡಿಕೊಂಡಿತು, ಬಾಂಗ್ಲಾದೇಶವನ್ನು 7–1ರಿಂದ ಮಣಿಸಿತು, ಮ್ಯಾನ್ಮಾರ್‌ಗೆ 1–2ರಿಂದ ಸೋತಿತು. ಬಾಂಗ್ಲಾದೇಶದ ವಿರುದ್ಧ ಮಣಿಪುರದ ನಾಂಗೊಂ ಬಾಲಾ ದೇವಿ ಒಬ್ಬರೇ ನಾಲ್ಕು ಗೋಲು ಹೊಡೆದರು. ಎರಡನೇ ಸುತ್ತಿನ ಬಾಗಿಲು ತೆರೆಯಲು ಇಷ್ಟು ಸಾಕಾಯಿತು.

ಎರಡನೇ ಸುತ್ತು 2019ರ ಏಪ್ರಿಲ್‌ನಲ್ಲಿ ಮಾಂಡಲೆಯಲ್ಲಿ ನಡೆಯಿತು. ಇಂಡೋನೇಷ್ಯಾ ವಿರುದ್ಧ 2–0, ನೇಪಾಳದ ವಿರುದ್ಧ 3–1 ಜಯ. ಕೊನೆಯ ಪಂದ್ಯ ಆತಿಥೇಯ ಮ್ಯಾನ್ಮಾರ್ ವಿರುದ್ಧ. ಎರಡೂ ತಂಡಗಳ ಅಂಕ ಸಮನಾಗಿದ್ದರೂ ಗೋಲುಗಳ ಅಂತರದಲ್ಲಿ ಮ್ಯಾನ್ಮಾರ್ ಮುಂದಿದ್ದ ಕಾರಣ ಭಾರತಕ್ಕೆ ಗೆಲುವೇ ಬೇಕಿತ್ತು. ಪಂದ್ಯ 3–3ರಿಂದ ಮುಗಿಯಿತು. ಒಂದೂ ಪಂದ್ಯ ಸೋಲದೆ ಭಾರತ ಹೊರಬಿತ್ತು. ಐದು ತಿಂಗಳ ಹಿಂದೆ ಇದೇ ತಂಡಕ್ಕೆ ಸೋತಿದ್ದವರು ಅವರದೇ ನೆಲದಲ್ಲಿ ಮೂರು ಗೋಲು ಹೊಡೆದು ಬಂದದ್ದು ಆ ತಂಡ ಎಷ್ಟು ಬೆಳೆದಿತ್ತೆಂಬುದಕ್ಕೆ ಸಾಕ್ಷಿ.

*ಬಿರಾಟ್‌ನಗರ.* ಈ ಎರಡು ಸುತ್ತುಗಳ ನಡುವೆ, 2019ರ ಮಾರ್ಚ್‌ನಲ್ಲಿ, ನೇಪಾಳದ ಬಿರಾಟ್‌ನಗರದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ನಡೆಯಿತು. ಮಾಲ್ಡೀವ್ಸ್ ವಿರುದ್ಧ 6–0, ಶ್ರೀಲಂಕಾ ವಿರುದ್ಧ 5–0, ಸೆಮಿಫೈನಲ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ 4–0. ಫೈನಲ್‌ನಲ್ಲಿ ಎದುರಾದದ್ದು ತುಂಬಿದ ಮೈದಾನದ ಬೆಂಬಲವಿದ್ದ ನೇಪಾಳ. ದಾಲಿಮಾ ಛಿಬ್ಬರ್ ಫ್ರೀ ಕಿಕ್‌ನಲ್ಲಿ ಗೋಲು ತಂದರು, ಗ್ರೇಸ್ ಡಾಂಗ್ಮೇಯಿ ಮತ್ತು ಅಂಜು ತಮಾಂಗ್ ತಲಾ ಒಂದೊಂದು ಸೇರಿಸಿದರು. 3–1ರ ಗೆಲುವಿನೊಂದಿಗೆ ಭಾರತ ಸತತ ಐದನೇ ಸಲ ಕಪ್ ಎತ್ತಿತು.

*ಪೋಖರಾ.* ಅದೇ ವರ್ಷದ ಡಿಸೆಂಬರ್‌ನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಫುಟ್‌ಬಾಲ್ ಪೋಖರಾದಲ್ಲಿ ನಡೆಯಿತು. ಫೈನಲ್‌ನಲ್ಲಿ ಮತ್ತೆ ನೇಪಾಳ. ಬಾಲಾ ದೇವಿಯ ಎರಡು ಗೋಲುಗಳಿಂದ ಭಾರತ 2–0ರಿಂದ ಗೆದ್ದಿತು. ಮುಂದಿನ ತಿಂಗಳೇ, 2020ರ ಜನವರಿಯಲ್ಲಿ, ಬಾಲಾ ದೇವಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿ ಯುರೋಪಿನಲ್ಲಿ ವೃತ್ತಿಪರ ಒಪ್ಪಂದ ಪಡೆದ ಮೊದಲ ಭಾರತೀಯ ಮಹಿಳಾ ಫುಟ್‌ಬಾಲ್ ಆಟಗಾರ್ತಿಯಾದರು.

*ದೊಡ್ಡ ತಂಡಗಳ ಎದುರು.* ಕೋವಿಡ್ ಕಾರಣದಿಂದ 2020ರಲ್ಲಿ ಆಟ ನಿಂತಿತು. 2021ರ ಫೆಬ್ರುವರಿಯಲ್ಲಿ ಟರ್ಕಿಗೆ ಹೋದ ತಂಡ ರಷ್ಯಾ ಎದುರು 0–8ರಿಂದ ಸೋತಿತು. ತಿಂಗಳುಗಟ್ಟಲೆ ಪಂದ್ಯವಿಲ್ಲದೆ ಇದ್ದವರನ್ನು ಯುರೋಪಿನ ಬಲಿಷ್ಠ ತಂಡದ ಮುಂದೆ ನಿಲ್ಲಿಸಿದರೆ ಬರುವ ಫಲಿತಾಂಶವೇ ಅದು. ಏಪ್ರಿಲ್‌ನಲ್ಲಿ ಉಜ್ಬೇಕಿಸ್ತಾನಕ್ಕೆ 0–1ರಿಂದ, ಬೆಲಾರೂಸ್‌ಗೆ 1–2ರಿಂದ ಸೋತರೂ ಅಂತರ ಕಿರಿದಾಗಿತ್ತು. ಜುಲೈನಲ್ಲಿ ಮೇಮೋಲ್ ವೈಯಕ್ತಿಕ ಕಾರಣ ನೀಡಿ ಹುದ್ದೆ ತೊರೆದರು.

ರಾಷ್ಟ್ರೀಯ ಕೋಚ್ ಮಾಡುವ ಕೆಲಸ

ಕ್ಲಬ್ ಕೋಚ್‌ಗೆ ಆಟಗಾರ್ತಿಯರು ದಿನವೂ ಕೈಗೆ ಸಿಗುತ್ತಾರೆ. ರಾಷ್ಟ್ರೀಯ ಕೋಚ್‌ಗೆ ಸಿಗುವುದು ಕ್ಯಾಂಪಿನ ದಿನಗಳು ಮತ್ತು ಫಿಫಾ ಅಂತರರಾಷ್ಟ್ರೀಯ ಪಂದ್ಯಗಳಿಗೆಂದು ಬಿಟ್ಟುಕೊಡುವ ಅವಧಿ ಮಾತ್ರ. ಅಷ್ಟರಲ್ಲಿ ಮಣಿಪುರ, ತಮಿಳುನಾಡು, ಒಡಿಶಾ, ಜಾರ್ಖಂಡ್, ಹರಿಯಾಣದಿಂದ ಬಂದ, ಬೇರೆಬೇರೆ ಭಾಷೆಯ, ಬೇರೆಬೇರೆ ಬಗೆಯ ಆಟ ಕಲಿತ ಹುಡುಗಿಯರನ್ನು ಒಂದು ತಂಡವಾಗಿ ಕಟ್ಟಬೇಕು. ಹೊಸದನ್ನು ಹೆಚ್ಚು ಕಲಿಸಲು ಹೊತ್ತಿರುವುದಿಲ್ಲ. ಹಾಗಾಗಿ ಯಾರನ್ನು ಆರಿಸಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು, ಕಾರ್ನರ್ ಮತ್ತು ಫ್ರೀ ಕಿಕ್‌ಗಳಲ್ಲಿ ಏನು ಮಾಡಬೇಕು, ಎದುರಾಳಿಯ ದುರ್ಬಲ ಬದಿ ಯಾವುದು ಎಂಬ ತೀರ್ಮಾನಗಳೇ ಪಂದ್ಯ ನಿರ್ಧರಿಸುತ್ತವೆ.

ಈ ಕೆಲಸ ನಿಂತಿರುವುದು ದೇಶದ ಲೀಗ್‌ನ ಮೇಲೆ. ಆಟಗಾರ್ತಿ ವರ್ಷದಲ್ಲಿ ಎಷ್ಟು ಗಟ್ಟಿ ಪಂದ್ಯ ಆಡಿದ್ದಾಳೆ ಎಂಬುದರ ಮೇಲೆಯೇ ಅವಳು ಕ್ಯಾಂಪಿಗೆ ಎಂಥ ದೇಹ, ಎಂಥ ಬುದ್ಧಿ ಹೊತ್ತು ಬರುತ್ತಾಳೆ ಎಂಬುದು ನಿಲ್ಲುತ್ತದೆ. ಇಂಡಿಯನ್ ವಿಮೆನ್ಸ್ ಲೀಗ್ ಆರಂಭವಾದದ್ದು 2016–17ರ ಋತುವಿನಲ್ಲಿ. ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಮೊದಲ ಚಾಂಪಿಯನ್. ಮೇಮೋಲ್ ಕೋಚ್ ಆಗಿದ್ದ ಕಾಲದಲ್ಲಿ ಲೀಗ್‌ನ ಅಂತಿಮ ಸುತ್ತು ಒಂದೇ ಊರಿನಲ್ಲಿ ಕೆಲವೇ ವಾರಗಳಲ್ಲಿ ಮುಗಿಯುತ್ತಿತ್ತು. ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು ಪಂದ್ಯ ಆಡುವ ಕ್ರಮ ಬಂದದ್ದು 2023–24ರಲ್ಲಿ. ಅಂದರೆ ಆ ಅನುಕೂಲ ಅವರ ಅವಧಿ ಮುಗಿದ ಮೇಲೆ ಸಿಕ್ಕಿತು. ಅವರ ಫಲಿತಾಂಶಗಳನ್ನು ಅಳೆಯುವಾಗ ಇದನ್ನು ಮರೆಯಬಾರದು.

ಅವರ ನಂತರ

ಮೇಮೋಲ್ ಅವರ ಸ್ಥಾನಕ್ಕೆ 2021ರ ಆಗಸ್ಟ್‌ನಲ್ಲಿ ಬಂದವರು ಸ್ವೀಡನ್ನಿನ ಥಾಮಸ್ ಡೆನ್ನರ್ಬಿ. ಅವರೂ ಆಟಗಾರರಾಗಿದ್ದವರೇ. 2011ರ ವಿಶ್ವಕಪ್‌ನಲ್ಲಿ ಸ್ವೀಡನ್ ಮಹಿಳಾ ತಂಡವನ್ನು ಮೂರನೇ ಸ್ಥಾನಕ್ಕೆ ಒಯ್ದವರು. 2022ರ ಜನವರಿಯಲ್ಲಿ ಭಾರತವೇ ಏಷ್ಯನ್ ಕಪ್‌ಗೆ ಆತಿಥ್ಯ ವಹಿಸಿತು. ಇರಾನ್ ವಿರುದ್ಧ 0–0ರಿಂದ ಸಮವಾದ ಮೇಲೆ ತಂಡದಲ್ಲಿ ಕೋವಿಡ್ ಹರಡಿತು. ಎರಡನೇ ಪಂದ್ಯಕ್ಕೆ ಬೇಕಾದಷ್ಟು ಆಟಗಾರ್ತಿಯರೇ ಇಲ್ಲದೆ ಭಾರತ ಪಂದ್ಯಾವಳಿಯಿಂದ ಹೊರಹೋಗಬೇಕಾಯಿತು.

2024ರ ಫೆಬ್ರುವರಿಯಲ್ಲಿ ಮತ್ತೊಬ್ಬ ಮಾಜಿ ಆಟಗಾರ್ತಿಗೆ ಹೊಣೆ ಸಿಕ್ಕಿತು. ಅವರು ಮಣಿಪುರದ ಲಾಂಗಮ್ ಚಾವೋಬಾ ದೇವಿ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ತಂಡದ ಕೋಚ್ ಆಗಿದ್ದವರು. ಅವರ ಕೈಕೆಳಗೆ ಭಾರತ ಟರ್ಕಿಯ ಅಲಾನ್ಯಾದಲ್ಲಿ ನಡೆದ ಟರ್ಕಿಷ್ ವಿಮೆನ್ಸ್ ಕಪ್‌ನಲ್ಲಿ ಎಸ್ಟೋನಿಯಾವನ್ನು 4–3ರಿಂದ ಸೋಲಿಸಿತು. ಹಿರಿಯ ಮಹಿಳಾ ತಂಡ ಯುರೋಪಿನ ತಂಡವೊಂದನ್ನು ಮಣಿಸಿದ್ದು ಅದೇ ಮೊದಲು. ಹಾಂಗ್‌ಕಾಂಗ್ ವಿರುದ್ಧ ಗೆದ್ದು, ಕೊಸೊವೊ ಎದುರು 0–1ರಿಂದ ಸೋತು ಭಾರತ ಎರಡನೇ ಸ್ಥಾನ ಪಡೆಯಿತು.

ಅಷ್ಟಾದರೂ ಅದೇ ವರ್ಷ ಕೋಚ್ ಬದಲಾದರು. ಅಕ್ಟೋಬರ್‌ನ ಸ್ಯಾಫ್ ಕಪ್‌ಗೆ ಮುಂಬೈನ ಮಾಜಿ ಆಟಗಾರ ಸಂತೋಷ್ ಕಶ್ಯಪ್, ವರ್ಷದ ಕೊನೆಗೆ ಸ್ವೀಡನ್ನಿನ ಜೋಕಿಮ್ ಅಲೆಕ್ಸಾಂಡರ್‌ಸನ್, 2025ರ ಫೆಬ್ರುವರಿಗೆ ಕ್ರಿಸ್ಪಿನ್ ಛೆಟ್ರಿ. ಒಂದು ವರ್ಷದ ಒಳಗೆ ನಾಲ್ವರು. ಒಬ್ಬ ಕೋಚ್‌ಗೆ ತನ್ನ ಆಟದ ರೀತಿಯನ್ನು ತಂಡದಲ್ಲಿ ಬೇರೂರಿಸಲು ಇಷ್ಟು ಅವಧಿ ಎಲ್ಲಿ ಸಾಕು? ಮೇಮೋಲ್ ಅವರಿಗೆ ಸಿಕ್ಕ ಮೂರೂವರೆ ವರ್ಷಗಳ ಬೆಲೆ ಈ ಹಿನ್ನೆಲೆಯಲ್ಲಿ ಇನ್ನೂ ಸ್ಪಷ್ಟವಾಗುತ್ತದೆ.

ಬೆಂಗಳೂರಿನ ಪಾತ್ರ

ಫುಟ್‌ಬಾಲ್‌ನಲ್ಲಿ ಬೆಂಗಳೂರು ಹಳೆಯ ಹೆಸರು. ಮೈಸೂರು ರಾಜ್ಯ ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು. ಕರ್ನಾಟಕ ಅದನ್ನು ಮತ್ತೆ ಎತ್ತಿದ್ದು 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಇದು ಪುರುಷರ ಕಥೆ. ಮಹಿಳೆಯರ ಕಥೆ ಈಗ ಅದರ ಪಕ್ಕದಲ್ಲಿ ಬೆಳೆಯುತ್ತಿದೆ.

2019–20ರ ವಿಮೆನ್ಸ್ ಲೀಗ್‌ನ ಅಂತಿಮ ಸುತ್ತು ನಡೆದದ್ದು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ. 2020ರ ಫೆಬ್ರುವರಿ 14ರ ಫೈನಲ್‌ನಲ್ಲಿ ಗೋಕುಲಂ ಕೇರಳ ತಂಡ ಮಣಿಪುರದ ಕ್ರಿಫ್ಸಾ ತಂಡವನ್ನು 3–2ರಿಂದ ಸೋಲಿಸಿತು. ಗೋಕುಲಂ ತಂಡದ ಕೋಚ್ ಪಿ.ವಿ. ಪ್ರಿಯಾ. ಮುಂದೆ ಅವರು ರಾಷ್ಟ್ರೀಯ ತಂಡದ ಸಹಾಯಕ ಕೋಚ್ ಆದರು. ನಮ್ಮದೇ ಕಿಕ್‌ಸ್ಟಾರ್ಟ್ 2022–23ರ ಲೀಗ್‌ನಲ್ಲಿ ಫೈನಲ್‌ವರೆಗೆ ಹೋಗಿ ಗೋಕುಲಂಗೆ ಸೋತಿತು.

ಯಲಹಂಕದಾಚೆ ಇರುವ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರ 2024–25ರಲ್ಲಿ ರಾಷ್ಟ್ರೀಯ ಮಹಿಳಾ ತಂಡಕ್ಕೆ ಮನೆಯಂತಾಗಿತ್ತು. 2024ರ ಡಿಸೆಂಬರ್ 30ರಂದು ಅಲ್ಲಿ ಭಾರತ ಮಾಲ್ಡೀವ್ಸ್ ತಂಡವನ್ನು 14–0ರಿಂದ ಸೋಲಿಸಿತು. 2025ರ ಬೇಸಿಗೆಯಲ್ಲಿ ಛೆಟ್ರಿ ಅವರ ತಂಡ ಅಲ್ಲೇ ದೀರ್ಘ ಕ್ಯಾಂಪ್ ನಡೆಸಿ ಉಜ್ಬೇಕಿಸ್ತಾನದ ಎದುರು ಸ್ನೇಹ ಪಂದ್ಯಗಳನ್ನು ಆಡಿತು.

ಆ ಕ್ಯಾಂಪಿನಿಂದ ತಂಡ ನೇರವಾಗಿ ಹೋದದ್ದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ, ಏಷ್ಯನ್ ಕಪ್ ಅರ್ಹತಾ ಪಂದ್ಯಗಳಿಗೆ. ಮಂಗೋಲಿಯಾ ವಿರುದ್ಧ 13–0, ಟಿಮೋರ್ ಲೆಸ್ಟೆ ವಿರುದ್ಧ 4–0, ಇರಾಕ್ ವಿರುದ್ಧ 5–0. ಜುಲೈ 5ರಂದು ಎರಡು ವಿಶ್ವಕಪ್ ಆಡಿದ್ದ ಥಾಯ್ಲೆಂಡ್ ಎದುರು 2–1. ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಅವರದು. ಅರ್ಹತಾ ಸುತ್ತಿನ ಮೂಲಕ ಭಾರತ ಏಷ್ಯನ್ ಕಪ್ ತಲುಪಿದ್ದು ಇದೇ ಮೊದಲು. ಬೆಲಾರೂಸ್ ವಿರುದ್ಧ ಮೇಮೋಲ್ ಅವರ ತಂಡಕ್ಕೆ ಸಿಕ್ಕ ಒಂದೇ ಗೋಲನ್ನು ಹೊಡೆದದ್ದೂ ಇದೇ ಸಂಗೀತಾ. ಒಬ್ಬ ಕೋಚ್ ಆಡಿಸಿ ಬೆಳೆಸಿದ ಹುಡುಗಿಯರ ಫಸಲು ಇನ್ನೊಬ್ಬರ ಕಾಲದಲ್ಲಿ ಕೈಗೆ ಬರುವುದು ಹೀಗೆ.

ಬೇರೆ ದೇಶಗಳ ಅನುಭವ

ಆಡಿದವರೇ ಕಲಿಸುವ ಹಾದಿ ಬೇರೆಡೆ ಎಷ್ಟು ದೂರ ಒಯ್ದಿದೆ ಎಂಬುದಕ್ಕೆ ಎರಡು ಹೆಸರು ಸಾಕು. ಜರ್ಮನಿಯ ಸಿಲ್ವಿಯಾ ನೈಡ್ ದೇಶಕ್ಕಾಗಿ 111 ಪಂದ್ಯ ಆಡಿದವರು. ಆಟ ನಿಲ್ಲಿಸಿದ ಮೇಲೆ ಸುಮಾರು ಒಂಬತ್ತು ವರ್ಷ ಸಹಾಯಕ ಕೋಚ್ ಆಗಿ ದುಡಿದು 2005ರಲ್ಲಿ ಮುಖ್ಯ ಹುದ್ದೆಗೆ ಬಂದರು. 2007ರ ವಿಶ್ವಕಪ್, 2009 ಮತ್ತು 2013ರ ಯುರೋ ಕಪ್, 2016ರ ಒಲಿಂಪಿಕ್ ಚಿನ್ನ ಅವರ ಗಳಿಕೆ. ಉತ್ತರಾಧಿಕಾರಿಯನ್ನು ಒಳಗಿನಿಂದಲೇ ಬೆಳೆಸಿ, ತಾಳ್ಮೆಯಿಂದ ಅವಕಾಶ ಕೊಟ್ಟ ವ್ಯವಸ್ಥೆಯ ಫಲ ಅದು.

ನೆದರ್ಲೆಂಡ್ಸಿನ ಸರೀನಾ ವೀಗ್ಮನ್ ದೇಶಕ್ಕಾಗಿ ಸುಮಾರು ನೂರು ಪಂದ್ಯ ಆಡಿದವರು. ಆಡುವ ಕಾಲದಲ್ಲಿ ಅವರ ಜೀವನೋಪಾಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯ ಕೆಲಸ. ಅಲ್ಲಿ 2007ರಲ್ಲಿ ಮಹಿಳಾ ಲೀಗ್ ಆರಂಭವಾದಾಗ ಆ ಲೀಗ್‌ನ ಕ್ಲಬ್ ಒಂದರ ಕೋಚ್ ಆದರು. 2017ರಲ್ಲಿ ತವರು ದೇಶಕ್ಕೆ ಯುರೋ ಕಪ್ ತಂದರು, 2022 ಮತ್ತು 2025ರಲ್ಲಿ ಇಂಗ್ಲೆಂಡಿಗೆ ತಂದರು. ಲೀಗ್ ಹುಟ್ಟದಿದ್ದರೆ ಈ ಕೋಚ್ ಕೂಡ ಹುಟ್ಟುತ್ತಿರಲಿಲ್ಲ.

ಹಾಗೆಂದು ಸಮಸ್ಯೆ ನಮ್ಮದು ಮಾತ್ರವಲ್ಲ. 2023ರ ಮಹಿಳಾ ವಿಶ್ವಕಪ್‌ಗೆ ಬಂದ 32 ತಂಡಗಳಲ್ಲಿ ಮಹಿಳಾ ಮುಖ್ಯ ಕೋಚ್ ಇದ್ದದ್ದು 12 ತಂಡಗಳಿಗೆ ಮಾತ್ರ.

ಜಡಿಗೇನಹಳ್ಳಿಯಿಂದ ನೋಡಿದರೆ

ನಮ್ಮ ಹೋಬಳಿ ಶಾಲೆಗಳ ಹುಡುಗಿಯರು ಕಬಡ್ಡಿ, ಕೊಕ್ಕೊ, ಥ್ರೋಬಾಲ್ ಚೆನ್ನಾಗಿ ಬಲ್ಲರು. ಓಟ, ಉಸಿರು, ಎದುರಾಳಿಯ ಹೆಜ್ಜೆ ಓದುವ ಕಣ್ಣು, ಫುಟ್‌ಬಾಲ್‌ಗೆ ಬೇಕಾದ ಇವೆಲ್ಲ ಅವರಲ್ಲಿ ಆಗಲೇ ಇವೆ. ಇಲ್ಲದಿರುವುದು ಕಲಿಸುವವರು. ಲೀಗ್ ಆಡುವ ಕ್ಲಬ್‌ಗಳು ಬೆಂಗಳೂರಿನಲ್ಲಿವೆ, ರಾಷ್ಟ್ರೀಯ ತಂಡವೂ ಬೆಂಗಳೂರಿಗೇ ಬಂದು ಕ್ಯಾಂಪ್ ಮಾಡಿದೆ. ಹೊಸಕೋಟೆಯಿಂದ ಅಲ್ಲಿಗೆ ಬಸ್ಸಿನ ದಾರಿ ದೊಡ್ಡದಲ್ಲ. ಆದರೆ ಹತ್ತು ವರ್ಷದ ಹುಡುಗಿಯನ್ನು ಪ್ರತಿ ಸಂಜೆ ನಗರಕ್ಕೆ ಕಳಿಸಿ ಕರೆತರುವುದು ಬೇಸಾಯದ, ಕೂಲಿಯ ಮನೆಗಳಿಗೆ ಆಗದ ಮಾತು. ಕಲಿಸುವವರೇ ಊರಿಗೆ ಬರಬೇಕು, ಅಥವಾ ಊರಿನಲ್ಲೇ ತಯಾರಾಗಬೇಕು.

ಎರಡನೆಯದು ಸಾಧ್ಯವಿದೆ. ಹದಿನೆಂಟು ತುಂಬಿದ, ಆಟದಲ್ಲಿ ಆಸಕ್ತಿಯಿರುವ ಹುಡುಗಿಗೆ ಡಿ ಲೈಸೆನ್ಸ್ ಕೋರ್ಸ್ ತೆರೆದಿದೆ. ಬಿ.ಪಿ.ಎಡ್. ಓದುತ್ತಿರುವವರಿಗೆ, ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿರುವವರಿಗೆ ಇದು ಇನ್ನಷ್ಟು ಹತ್ತಿರ, ಏಕೆಂದರೆ ಕಲಿಸಲು ಮಕ್ಕಳು ಎದುರಿಗೇ ಇರುತ್ತಾರೆ. ಅನುಭವವಿಲ್ಲದೆ ಮುಂದಿನ ಕೋರ್ಸ್ ಇಲ್ಲ ಎಂಬ ಗಂಟು ಬಿಚ್ಚಿಕೊಳ್ಳುವುದು ಇಲ್ಲೇ. ಪಂಚಾಯಿತಿಯೋ ಶಾಲೆಯ ಹಳೆಯ ವಿದ್ಯಾರ್ಥಿಗಳೋ ಒಬ್ಬ ಹುಡುಗಿಯ ಕೋರ್ಸ್ ಶುಲ್ಕ ಮತ್ತು ವಾಸದ ಖರ್ಚು ಹೊತ್ತುಕೊಂಡರೆ, ಆಕೆ ವರ್ಷವರ್ಷವೂ ಹತ್ತಾರು ಮಕ್ಕಳಿಗೆ ಕಲಿಸುತ್ತಾಳೆ. ಪಂದ್ಯಾವಳಿಗೆ ಒಂದು ದಿನದ ಶಾಮಿಯಾನ, ಟ್ರೋಫಿ, ಸನ್ಮಾನಕ್ಕೆ ಆಗುವ ಖರ್ಚಿಗಿಂತ ಇದು ಹೆಚ್ಚು ಕಾಲ ಬಾಳುವ ಹೂಡಿಕೆ.

ಮೇಮೋಲ್ ರಾಕಿ ಮುಖ್ಯ ಕೋಚ್ ಆಗುವ ಹೊತ್ತಿಗೆ ದೇಶದ ಮಹಿಳಾ ತಂಡಕ್ಕೆ ನಲವತ್ತು ವರ್ಷ ದಾಟಿತ್ತು. ಆ ತಡಕ್ಕೆ ಕಾರಣ ಪ್ರತಿಭೆಯ ಕೊರತೆಯಲ್ಲ. ಆಡಿದವಳು ಕಲಿಸುವವಳಾಗಲು ನಡುವೆ ಇರಬೇಕಾದ ಮೆಟ್ಟಿಲುಗಳೇ ಇರಲಿಲ್ಲ. ಈಗ ಲೈಸೆನ್ಸ್ ಇದೆ, ಲೀಗ್ ಇದೆ, ಮೇಮೋಲ್, ಚಾವೋಬಾ, ಪ್ರಿಯಾ ಅವರ ಉದಾಹರಣೆಗಳಿವೆ. ಮೊದಲ ಮೆಟ್ಟಿಲನ್ನು ಮಾತ್ರ ಪ್ರತಿ ಹೋಬಳಿಯೂ ತನ್ನ ಊರಿನಲ್ಲಿ ತಾನೇ ಕಟ್ಟಿಕೊಳ್ಳಬೇಕು.